ಕೈ ಅಡ್ಡ ಹಾಕಿದಲ್ಲೇ ಸ್ಟಾಪು

ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ನಕ್ಕಿದ್ದನ್ನು ನಾನಿನ್ನೂ ಮರೆತಿಲ್ಲ. "ಹಾಸನದಲ್ಲೂ ಬಸ್ ತಪ್ಪುತ್ತೇನೋ? ಈ ಕೊನೆಯಿಂದ ಆ ಕೊನೆಗೆ ನಡ್ಕೊಂಡೇ ಹೋಗಬಹುದಲ್ಲ" ಅಂದೆ. ನೀನು ಊರು ಬಿಟ್ಟು ಹದಿನಾಲ್ಕು ವರ್ಷ ಆಯ್ತು ಮಾರಾಯ. ಆಗ ಸಾಲಗಾಮೆ ರಸ್ತೆಯಲ್ಲಿ ಇಂಜಿನಿಯರಿಂಗ್ ಕಾಲೇಜು ದಾಟಿ ಇನ್ನೊಂದಿಷ್ಟು ಮುಂದೆ ಹೋದರೆ ಆಲೂಗಡ್ಡೆ ಹೊಲ ಸಿಗುತ್ತಿತ್ತು. ಈಗ ಆ ಹೊಲದಲ್ಲಿ ನನ್ನ ಮನೆ ಇದೆ. ನನ್ನದೊಂದೇ ಅಲ್ಲ, ಊರಿಗೆ ಊರೇ ಇದೆ.

ನಾನು ಬಸ್ ಹತ್ತಲು ಶುರು ಮಾಡಿದ್ದು ದೊಡ್ಡ ಆದರ್ಶಕ್ಕೇನಲ್ಲ. ಬೆನ್ನು ನೋಡಿದ ಡಾಕ್ಟರು ಆರು ತಿಂಗಳು ಸ್ಕೂಟರ್ ಮುಟ್ಟಬೇಡಿ ಅಂದರು. ಆಟೋಗೆ ದಿನಾ ಕೊಟ್ಟರೆ ಸಂಬಳದಲ್ಲಿ ಉಳಿಯೋದು ಆಟೋ ಚೀಟಿ ಮಾತ್ರ. ಹಾಗಾಗಿ ಜೂನ್ ತಿಂಗಳಿಂದ ಸಿಟಿ ಬಸ್ಸೇ ಗತಿ.

ಮೊದಲ ದಿನ ಸಭ್ಯ ನಾಗರಿಕನ ಹಾಗೆ ತಂಗುದಾಣದಲ್ಲಿ ನಿಂತೆ. ಕಟ್ಟಿಸಿದವರ ಹೆಸರು ಮಾರುದ್ದ ಬರೆದಿದೆ. ಯಾವ ಬಸ್, ಎಷ್ಟೊತ್ತಿಗೆ ಅನ್ನೋದು ಮಾತ್ರ ಒಂದಕ್ಷರವೂ ಇಲ್ಲ. ಎಂಟೂ ಐವತ್ತರ ಬಸ್ಸು ಒಂಬತ್ತೂ ಐದಕ್ಕೆ ಬಂತು, ನನ್ನ ಮುಂದೆ ಸುಯ್ಯನೆ ಹೋಯಿತು, ಅರವತ್ತು ಹೆಜ್ಜೆ ಆಚೆ ಬೇಕರಿ ಮುಂದೆ ನಿಂತಿತು. ತಂಗುದಾಣದ ಎದುರು ಗೋಬಿ ಗಾಡಿ ಇದೆಯಲ್ಲ, ಡ್ರೈವರ್‌ಗೆ ಅಲ್ಲಿ ಎಡಕ್ಕೆ ತಗೊಳ್ಳೋಕೆ ಜಾಗ ಇಲ್ಲ. ಊರಿಗೆಲ್ಲ ಗೊತ್ತಿರುವ ಸ್ಟಾಪು ಬೇಕರಿ. ಗೊತ್ತಿಲ್ಲದೆ ಇದ್ದದ್ದು ನನಗೆ, ಮತ್ತೆ ತಂಗುದಾಣದಲ್ಲಿ ಮಲಗಿದ್ದ ನಾಯಿಗೆ.

ಬೆನ್ನು ಹಿಡ್ಕೊಂಡು ಓಡಿದೆ. ಬಸ್ ಸಿಕ್ಕಿತು. ಅಲ್ಲಿಂದ ಶುರುವಾಯಿತು ನೋಡು ನಿಜವಾದ ಕತೆ. ಬೇಕರಿ ಬಿಟ್ಟು ಇನ್ನೂರು ಹೆಜ್ಜೆ ಆಗಿಲ್ಲ, ಒಬ್ಬರು ಕೈ ಅಡ್ಡ ಹಾಕಿದರು. ನಿಂತಿತು. ಎರಡನೇ ಗೇರಿಗೆ ಬರುವಷ್ಟರಲ್ಲಿ ಕಲ್ಯಾಣ ಮಂಟಪದ ಹತ್ತಿರ ಇಬ್ಬರು. ನಿಂತಿತು. ಆಮೇಲೆ ಒಂದು ಮನೆ ಗೇಟಿನ ಮುಂದೆ, ಗೇಟಿನ ಮುಂದೆ ಕಣೋ, ಒಬ್ಬರು ಚಪ್ಪಲಿ ಹಾಕಿಕೊಳ್ಳುತ್ತಾ ಕೈ ತೋರಿಸಿದರು. ಅದಕ್ಕೂ ನಿಂತಿತು. ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ಹೊರಡು ಅಂತ ತಾನೆ? ಆ ದಿನ ಪುಣ್ಯಾತ್ಮನ ಬಾಯಿಂದ ಸೀಟಿ ಈಚೆ ಬರಲೇ ಇಲ್ಲ. ಅದೇ ಬಸ್ಸು ಮುಂದೆ ಒಂದು ಕಡೆ ಒಂದು ಕಿಲೋಮೀಟರ್‌ನಷ್ಟು ಉದ್ದಕ್ಕೆ ಎಲ್ಲೂ ನಿಲ್ಲಲಿಲ್ಲ. ಅಲ್ಲೊಬ್ಬ ಅಜ್ಜ ಇಳಿಯಬೇಕಿತ್ತು. "ಇಲ್ಲಿ ಸ್ಟಾಪಿಲ್ಲ ಯಜಮಾನ್ರೇ" ಅಂದರು ಕಂಡಕ್ಟರು!

ನನಗೆ ತಲೆ ಕೆಟ್ಟಿತು. ಮರುದಿನದಿಂದ ಮೊಬೈಲ್ ಹಿಡಿದು ಲೆಕ್ಕ ಇಡೋಕೆ ಶುರು ಮಾಡಿದೆ. ನಗಬೇಡ. ಒಂದು ಸಲ ನಿಂತರೆ ಇಪ್ಪತ್ತು ಸೆಕೆಂಡಿನಿಂದ ಅರ್ಧ ನಿಮಿಷ ಹೋಗುತ್ತದೆ. ಜನ ಹತ್ತುವ ಹೊತ್ತು ಅಷ್ಟಿಲ್ಲ. ಬ್ರೇಕು ಹಾಕಬೇಕು, ಎಡಕ್ಕೆ ಬರಬೇಕು, ಮತ್ತೆ ಬಲಕ್ಕೆ ಹೋಗೋಕೆ ಹಿಂದಿನ ಬೈಕುಗಳು ಬಿಡಬೇಕಲ್ಲ. ಹದಿನೈದು ಕಡೆ ನಿಂತರೆ ಐದರಿಂದ ಏಳೂವರೆ ನಿಮಿಷ ಅಲ್ಲೇ ಮಾಯ. ಸಿಟಿ ಬಸ್ ಸ್ಟ್ಯಾಂಡ್ ತಲುಪೋಕೆ ಬೇಕಿದ್ದದ್ದೇ ಹತ್ತು ಹನ್ನೆರಡು ನಿಮಿಷ!

ಆ ಜೋಶಿನಲ್ಲಿ ಒಂದು ಸಿದ್ಧಾಂತವನ್ನೂ ಮಾಡಿದೆ. ಬಸ್ಸಿಗೆ ಜನ ಕಾಲು ಮೈಲಿ, ಅಂದರೆ 400 ಮೀಟರ್ ನಡೆಯುತ್ತಾರೆ ಅನ್ನೋದು ಈ ಲೆಕ್ಕ ಹಾಕುವವರ ಹಳೇ ಅಳತೆ. ಮಾಮೂಲಿ ನಡಿಗೆಗೆ ಐದು ನಿಮಿಷ. ಈಗ 200 ಮೀಟರ್‌ಗೊಂದು ಸ್ಟಾಪ್ ಇದೆ ಅಂತ ಇಟ್ಟುಕೋ. ರಸ್ತೆ ಬದಿ ಮನೆಯವರು ಯಾವ ಕಡೆಗೆ ನಡೆದರೂ 100 ಮೀಟರ್‌ಗಿಂತ ಜಾಸ್ತಿ ಆಗಲ್ಲ. ಒಂದು ಬಿಟ್ಟು ಒಂದು ಸ್ಟಾಪ್ ತೆಗೆದು 400 ಮೀಟರ್‌ಗೊಂದು ಮಾಡಿದೆ ಅನ್ನು. ಆಗ 200 ಮೀಟರ್. ಅಂದರೆ ತೀರಾ ದೂರದವರಿಗೂ, ತೆಗೆದ ಸ್ಟಾಪಿನ ಎದುರು ಮನೆಯವರಿಗೂ, ಹೆಚ್ಚಾಗಿದ್ದು 200 ಮೀಟರ್, ಎರಡೂವರೆ ನಿಮಿಷ. ಬಸ್ಸಿನೊಳಗಿರುವ ಐವತ್ತು ಜನಕ್ಕೆ ಉಳಿದಿದ್ದು ಅದಕ್ಕಿಂತ ಜಾಸ್ತಿ. ನಿನ್ನ ಬೆಂಗಳೂರಿನ ಮೆಟ್ರೋವನ್ನೇ ನೋಡು. 2011ರಲ್ಲಿ ಮೊದಲು ಓಡಿದ್ದು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ, 6.7 ಕಿಲೋಮೀಟರ್‌ಗೆ ಆರೇ ನಿಲ್ದಾಣ. ನಮ್ಮನೆ ಮುಂದೆ ನಿಲ್ಲಿಸಿ ಅಂತ ಯಾರಾದರೂ ಮೆಟ್ರೋಗೆ ಕೈ ಅಡ್ಡ ಹಾಕ್ತಾರಾ?

ಇದನ್ನೆಲ್ಲ ರಾತ್ರಿ ಊಟಕ್ಕೆ ಕೂತಾಗ ಅಮ್ಮನ ಮುಂದೆ ಬಿಚ್ಚಿದೆ. ಅಮ್ಮ ಮುದ್ದೆ ಮುರಿಯುತ್ತಾ ಪೂರ್ತಿ ಕೇಳಿದಳು. ಆಮೇಲೆ, "ನಿನ್ನ ನಾನೂರು ಮೀಟರು ನನ್ನ ಮಂಡಿಗೆ ಗೊತ್ತಿಲ್ಲ ಕಣಪ್ಪ" ಅಂದಳು.

2023ರ ಜೂನ್‌ನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ ಆದ ಮೇಲೆ ಅಮ್ಮ ಬಸ್ಸಿನಲ್ಲಿ ನನಗಿಂತ ಹಳೇ ಗಿರಾಕಿ. ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಆಸ್ಪತ್ರೆಗೆ, ಮಾರ್ಕೆಟ್ಟಿಗೆ, ತಂಗಿ ಮನೆಗೆ ಒಬ್ಬಳೇ ಹೋಗಿ ಬರುತ್ತಾಳೆ. ಮೊದಲು ಇದಕ್ಕೆಲ್ಲ ನಾನು ಸ್ಕೂಟರ್ ತೆಗೀಬೇಕಿತ್ತು, ಇಲ್ಲದಿದ್ದರೆ ಅವಳು ಸುಮ್ನೆ ಮನೆಯಲ್ಲಿ ಕೂರಬೇಕಿತ್ತು. ಅವಳು ಹತ್ತೋದು ಗಣಪತಿ ಗುಡಿ ಮುಂದೆ. ಅಲ್ಲಿ ಸ್ಟಾಪಿಲ್ಲ. ಕೈ ಎತ್ತುತ್ತಾಳೆ, ಬಸ್ ನಿಲ್ಲುತ್ತದೆ.

ಶನಿವಾರ ಅವಳ ಜೊತೆ ಗುಡಿಯಿಂದ ಬೇಕರಿವರೆಗೆ ನಡೆದೆ. ನನಗೆ ಮೂರು ನಿಮಿಷದ ದಾರಿ. ಅವಳ ಜೊತೆ ಎಂಟು ನಿಮಿಷ ಹಿಡಿಯಿತು. ನಮ್ಮೂರ ಸೋನೆ ಮಳೆ ಗೊತ್ತಲ್ಲ, ಜುಲೈನಲ್ಲಿ ಹಿಡಿದರೆ ಬಿಡೋದಿಲ್ಲ. ಫುಟ್‌ಪಾತ್ ಅನ್ನೋದು ಚರಂಡಿ ಮೇಲಿನ ಚಪ್ಪಡಿ. ಒಂದು ಅಲ್ಲಾಡುತ್ತದೆ, ಇನ್ನೊಂದು ಇಲ್ಲವೇ ಇಲ್ಲ. ಇಲ್ಲದ ಕಡೆ ರಸ್ತೆಗಿಳಿಯಬೇಕು, ಇಳಿದರೆ ಹಿಂದಿನಿಂದ ಹಾರನ್ನು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ನನ್ನ ತೋಳು. ಅರ್ಧ ದಾರಿಯಲ್ಲಿ ನಿಂತು, "ಈಗ ಹೇಳು ನಿನ್ನ ಲೆಕ್ಕಾನ" ಅಂದಳು. ನಾನು ಚಪ್ಪಡಿ ನೋಡುತ್ತಾ ನಡೆದೆ.

ಆದರೂ ನನ್ನ ಹಟ ಪೂರ್ತಿ ಇಳಿದಿರಲಿಲ್ಲ. ಅಮ್ಮನಿಗೆ ಮಂಡಿ ನೋವು ಸರಿ, ಕಾಲೇಜು ಹುಡುಗರಿಗೇನು ರೋಗ? ಒಂದು ದಿನ ಕಲ್ಯಾಣ ಮಂಟಪದ ಹತ್ತಿರ ಹತ್ತುವ ಹುಡುಗಿಯೊಬ್ಬಳನ್ನು ಕೇಳಿಯೇಬಿಟ್ಟೆ. ಸ್ಟಾಪು ಅಲ್ಲೇ ಕಾಣುತ್ತಲ್ಲಮ್ಮ, ಅಷ್ಟು ದೂರ ನಡೆಯೋಕಾಗಲ್ವಾ ಅಂತ. ಅವಳು ನನ್ನನ್ನು ಪೆದ್ದನ ಹಾಗೆ ನೋಡಿದಳು. "ನಡೀತಾ ಇರುವಾಗ ಬಸ್ ಬಂದ್ಬಿಟ್ರೆ? ಇದು ಹೋದ್ರೆ ಇನ್ನು ಮುಕ್ಕಾಲು ಗಂಟೆ ಅಂಕಲ್."

ಅಂಕಲ್ ಅಂದಿದ್ದನ್ನು ಬಿಡು. ಮಿಕ್ಕಿದ್ದು ನೆಟ್ಟಗೆ ತಲೆಗೆ ಹೋಯಿತು. ನಾನು ಇಷ್ಟು ದಿನ ಅಳೆಯುತ್ತಿದ್ದದ್ದು ತಪ್ಪು ವಸ್ತುವನ್ನ. ಜನ ಎಲ್ಲೆಂದರಲ್ಲಿ ಕೈ ಎತ್ತೋದು ಸೋಮಾರಿತನಕ್ಕಲ್ಲ, ಹೆದರಿಕೆಗೆ. ಹತ್ತು ನಿಮಿಷಕ್ಕೊಂದು ಬಸ್ ಇದ್ದರೆ ಯಾರು ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಾರೆ? ಬಿ.ಎಂ. ರಸ್ತೆಯಲ್ಲಿ ನೋಡು. ಹೊರಗಿನ ಊರಿನ ಬಸ್ಸೂ ಸೇರಿ ಒಂದರ ಹಿಂದೆ ಒಂದು ಬರುತ್ತವೆ. ಅಲ್ಲಿ ಜನ ಸ್ಟಾಪಿನಲ್ಲೇ ನಿಂತಿರುತ್ತಾರೆ, ಒಂದು ತುಂಬಿದ್ದರೆ ಮುಂದಿನದು ಅಂತ ಬಿಟ್ಟೂ ಬಿಡುತ್ತಾರೆ. ಅದೇ ಜನ ನಮ್ಮ ರಸ್ತೆಗೆ ಬಂದರೆ ಕೈ ಅಡ್ಡ ಹಾಕುತ್ತಾರೆ. ಡ್ರೈವರಿಗೂ ಇದು ಗೊತ್ತು. ಬಿಟ್ಟು ಹೋದರೆ ಆ ಮನುಷ್ಯ ಮಳೆಯಲ್ಲಿ ಮುಕ್ಕಾಲು ಗಂಟೆ ನಿಲ್ಲಬೇಕು ಅಂತ ಗೊತ್ತಿರೋದಕ್ಕೇ ಬ್ರೇಕ್ ಮೇಲೆ ಕಾಲಿಡುತ್ತಾನೆ. ಅವನನ್ನು ಬೈಯೋದಕ್ಕೆ ನನಗೀಗ ಬಾಯಿ ಬರಲ್ಲ.

ಇದರೊಳಗೆ ಇನ್ನೊಂದು ತಮಾಷೆ ಇದೆ. ಎಷ್ಟೋ ಹೊತ್ತು ಒಂದೂ ಇಲ್ಲ, ಆಮೇಲೆ ಎರಡು ಒಟ್ಟಿಗೆ ಬರುತ್ತವಲ್ಲ, ಯಾಕೆ ಗೊತ್ತಾ? ಡ್ರೈವರುಗಳು ಮಾತಾಡ್ಕೊಂಡು ಬರ್ತಾರೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಎರಡರಲ್ಲಿ ಮುಂದೆ ಹೋಗುವ ಬಸ್ ಎಲ್ಲೋ ಐದು ನಿಮಿಷ ತಡವಾಯಿತು ಅನ್ನು. ಆ ಐದು ನಿಮಿಷದಲ್ಲಿ ಸ್ಟಾಪುಗಳಲ್ಲಿ ಇನ್ನಷ್ಟು ಜನ ಸೇರುತ್ತಾರೆ. ಅವರು ಹತ್ತೋಕೆ ಇನ್ನಷ್ಟು ಹೊತ್ತು, ಆಧಾರ್ ತೋರಿಸೋಕೆ, ಚಿಲ್ಲರೆ ಹುಡುಕೋಕೆ ಇನ್ನಷ್ಟು. ತಡ ಬೆಳೆಯುತ್ತಾ ಹೋಗುತ್ತದೆ. ಹಿಂದಿನ ಬಸ್ಸಿಗೆ ಹತ್ತೋರೇ ಇಲ್ಲ, ಅದು ಖಾಲಿಯಾಗಿ ಓಡಿ ಬಂದು ಮುಂದಿನದರ ಬಾಲ ಹಿಡಿಯುತ್ತದೆ. "ಹಿಂದೆ ಖಾಲಿ ಬರ್ತಿದೆ, ಅದರಲ್ಲಿ ಬನ್ನಿ" ಅಂತ ಕಂಡಕ್ಟರ್ ಗಂಟಲು ಹರ್ಕೊಳ್ಳುತ್ತಾನೆ. ಒಬ್ಬರೂ ನಂಬಲ್ಲ. ನಾನೂ ನಂಬಲ್ಲ. ಫುಟ್‌ಬೋರ್ಡ್ ಮೇಲೆ ಒಂಟಿ ಕಾಲಲ್ಲಿ ನಿಂತು ಹಿಂದೆ ನೋಡಿದರೆ ಖಾಲಿ ಬಸ್ಸು ನಿಜವಾಗಿಯೂ ಬರ್ತಾ ಇರುತ್ತದೆ!

ನಮ್ಮ ಸಾಲಗಾಮೆ ರಸ್ತೆಯಲ್ಲೇ ಇಸ್ರೋದ ಕೇಂದ್ರ ಇದೆಯಲ್ಲ, 1982ರಿಂದ. 36,000 ಕಿಲೋಮೀಟರ್ ಮೇಲಿರುವ ಉಪಗ್ರಹ ಒಂದಿಷ್ಟು ಆಚೀಚೆ ಸರಿದರೂ ಅಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಅದೇ ರಸ್ತೆಯಲ್ಲಿ ಮೂರು ಕಿಲೋಮೀಟರ್ ಆಚೆ ಹೊರಟ ಬಸ್ಸು ಈಗೆಲ್ಲಿದೆ ಅಂತ ಹೇಳುವವರು ನಮಗಿಲ್ಲ.

ಬೀದಿಯವರೆಲ್ಲ ಸೇರಿ ಒಂದು ಅರ್ಜಿ ಕೊಟ್ಟೆವು. ನಾನು ಬರೆದ ಮೊದಲ ಕರಡಿನಲ್ಲಿ "ಅನಧಿಕೃತ ನಿಲುಗಡೆ ನಿಲ್ಲಿಸಬೇಕು" ಅಂತ ಇತ್ತು. ಅಮ್ಮ ಕನ್ನಡಕ ಹಾಕ್ಕೊಂಡು ಓದಿ ಆ ಸಾಲಿನ ಮೇಲೆ ಬೆರಳಿಟ್ಟಳು. ಹೊಡೆದು ಹಾಕಿದೆ. ಕೊನೆಗೆ ಕೇಳಿದ್ದು ಇಷ್ಟು: ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಇನ್ನೆರಡು ಟ್ರಿಪ್ಪು, ತಂಗುದಾಣದ ಗೋಡೆ ಮೇಲೆ ಬಸ್ಸಿನ ಟೈಮು, ಗುಡಿ ಮುಂದೆ "ಕೋರಿಕೆ ನಿಲುಗಡೆ" ಅಂತ ಒಂದು ಬೋರ್ಡು. ಚಪ್ಪಡಿ ವಿಷಯಕ್ಕೆ ಬೇರೆ ಕಚೇರಿಗೆ ಹೋಗಬೇಕಂತೆ, ಅದಕ್ಕೆ ಬೇರೆ ಅರ್ಜಿ. ತಗೊಂಡರು, ಸೀಲು ಹೊಡೆದರು, ಸ್ವೀಕೃತಿ ಕೊಟ್ಟರು. ಅದು ನನ್ನ ಟೇಬಲ್ ಗಾಜಿನ ಕೆಳಗೆ ಭದ್ರವಾಗಿದೆ.

ಈ ನಡುವೆ ಬೇಕರಿ ಹುಡುಗ ಒಂದು ಕೆಲಸ ಮಾಡಿದ್ದಾನೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಯವರಲ್ಲಿ ಎಷ್ಟೋ ಜನ ನಮ್ಮ ಹಾಸನ ಕಡೆಯವರೇ ಅಂತ ನೀನು ಜಂಬ ಕೊಚ್ಚುತ್ತಿದ್ದೆಯಲ್ಲ, ಇವನದೂ ಅದೇ ಕಸುಬು, ಆದರೆ ಊರು ಬಿಟ್ಟಿಲ್ಲ. ದಿನಾ ನೂರು ಸಲ "ಬಸ್ ಹೋಯ್ತಾ?" ಅಂತ ಕೇಳಿಸಿಕೊಂಡು ಬೇಜಾರಾಗಿ, ಹದಿನೈದು ದಿನ ಗಡಿಯಾರ ನೋಡಿ, ಬಸ್ ನಿಜವಾಗಿ ಬರುವ ಹೊತ್ತನ್ನು ಕೇಕ್ ಡಬ್ಬಿಯ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ನೇತು ಹಾಕಿದ್ದಾನೆ. 9:05. 9:50. ಪಕ್ಕದಲ್ಲಿ ಸಣ್ಣದಾಗಿ "ಮಳೆ ಬಂದರೆ +10". ಇಷ್ಟು ಪ್ರಾಮಾಣಿಕ ವೇಳಾಪಟ್ಟಿ ನಾನು ಬೇರೆಲ್ಲೂ ನೋಡಿಲ್ಲ. ಈಗ ಕೆಲವರು ಒಂಬತ್ತಕ್ಕೆ ಬಂದು, ಬನ್ ತಿಂದು, ನಿಧಾನಕ್ಕೆ ಹತ್ತುತ್ತಾರೆ. ಚಪ್ಪಲಿ ಹಾಕ್ಕೊಂಡು ಓಡಿಬರುವವರು ಮಾತ್ರ ಇನ್ನೂ ಗೇಟಿನಿಂದಲೇ ಕೈ ತೋರಿಸುತ್ತಾರೆ.

ದೀಪಾವಳಿಗೆ ಬರ್ತೀನಿ ಅಂದಿದ್ದೀಯ. ಅದು ಹಾಸನಾಂಬೆ ಗುಡಿ ವರ್ಷಕ್ಕೊಮ್ಮೆ ಬಾಗಿಲು ತೆಗೆದಿರುವ ಹೊತ್ತು, ಬಲಿಪಾಡ್ಯಮಿ ಮುಗಿಯೋವರೆಗೂ ಗುಡಿ ಸುತ್ತಮುತ್ತ ಜನಸಾಗರ. ಎನ್.ಆರ್. ಸರ್ಕಲ್ ಹತ್ತಿರ ನನ್ನನ್ನು ಕಾಯ್ಕೊಂಡು ನಿಲ್ಲಬೇಡ, ಇಬ್ಬರೂ ಕಳೆದುಹೋಗ್ತೀವಿ. ಸಿಟಿ ಸ್ಟ್ಯಾಂಡಿನಲ್ಲಿ ನಮ್ಮ ಕಡೆ ಬಸ್ ಹತ್ತು. ಬಡಾವಣೆ ಹೆಸರು ಹೇಳಬೇಡ, ನಮ್ಮ ಬೀದಿಯವರಿಗೇ ಅದು ಬಾಯಿಗೆ ಬರಲ್ಲ. "ಬೇಕರಿ" ಅನ್ನು. ಲಗೇಜು ಜಾಸ್ತಿ ಇದ್ದರೆ "ಗಣಪತಿ ಗುಡಿ" ಅನ್ನು, ನಿಲ್ಲಿಸ್ತಾರೆ. ಅಮ್ಮ ಅಲ್ಲೇ ಕಟ್ಟೆ ಮೇಲೆ ಕೂತಿರ್ತಾಳೆ.

ನಿನ್ನವ