ಪಿಕಪ್ ಕೊಳ್ಳುವ ಸದಸ್ಯರ ಗಮನಕ್ಕೆ: ಮ್ಯಾನುವಲ್ಲೋ, ಆಟೋಮ್ಯಾಟಿಕ್ಕೋ

ಮಾನ್ಯ ಸದಸ್ಯರೇ,

ತೋಟಕ್ಕೆ ಪಿಕಪ್ ಕೊಳ್ಳಲು ಹೊರಟಿರುವ ಹಲವರು ಗೇರ್ ಬಗ್ಗೆ ಕೇಳುತ್ತಿರುವುದರಿಂದ ಈ ಸೂಚನೆಯನ್ನು ಹಾಕುತ್ತಿದ್ದೇನೆ. ಟೊಯೋಟಾ ಹೈಲಕ್ಸ್ ಮತ್ತು ಇಸುಜು ವಿ-ಕ್ರಾಸ್ ಎರಡೂ 6 ಗೇರಿನ ಮ್ಯಾನುವಲ್ ಮತ್ತು ಆಟೋಮ್ಯಾಟಿಕ್ ರೂಪಗಳಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದಿವೆ. 2022ರಲ್ಲಿ ಇಲ್ಲಿಗೆ ಬಂದ ಹೈಲಕ್ಸ್‌ನ 2.8 ಲೀಟರ್ ಡೀಸೆಲ್ ಎಂಜಿನ್ ಮ್ಯಾನುವಲ್‌ನಲ್ಲಿ 420, ಆಟೋಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಆದ್ದರಿಂದ ಆಟೋಮ್ಯಾಟಿಕ್‌ಗೆ ಎಳೆಯುವ ಶಕ್ತಿ ಕಡಿಮೆ ಎಂಬ ಹಳೆಯ ಮಾತು ಇಲ್ಲಿ ಸಲ್ಲದು.

ನಿಜವಾಗಿ ಯೋಚಿಸಬೇಕಾದದ್ದು ಘಾಟಿಯ ಬಗ್ಗೆ. ಭಾರ ತುಂಬಿದ ಗಾಡಿಯನ್ನು ಕಡಿದಾದ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸುವಾಗ, ಅರ್ಧ ಕ್ಲಚ್ಚಿನಲ್ಲಿ ಹಿಡಿದು ನಿಲ್ಲಿಸುವ ಅಭ್ಯಾಸವಿರುವ ಚಾಲಕನ ಕೈಯಲ್ಲಿ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಪೆಡಲೇ ಇಲ್ಲದ್ದರಿಂದ ಆ ತೊಂದರೆಯಿಲ್ಲ. ಇಳಿಜಾರಿನಲ್ಲಿ ಮಾತ್ರ ಗೇರ್ ಲಿವರನ್ನು 'ಡಿ'ಯಲ್ಲೇ (ಡ್ರೈವ್, ಗೇರ್ ತಾನಾಗಿ ಬದಲಾಗುವ ಸ್ಥಾನ) ಬಿಟ್ಟು ಬ್ರೇಕನ್ನೇ ನಂಬಬಾರದು. ಕೈಯಿಂದ ಗೇರ್ ಬದಲಿಸುವ ಸ್ಥಾನಕ್ಕೆ ತಂದು ಕೆಳ ಗೇರಿನಲ್ಲೇ ಇಳಿಯಬೇಕು, ಇಲ್ಲವಾದರೆ ಬ್ರೇಕ್ ಕಾದು ಹಿಡಿತ ತಪ್ಪುವ ಅಪಾಯವಿದೆ.

ಗಾಡಿಯನ್ನು ತೋಟದ ಕೆಲಸದವರೂ ಓಡಿಸುವುದಾದರೆ, ಅವರಿಗೆ ರೂಢಿಯಿರುವ ಮ್ಯಾನುವಲ್ಲೇ ಸೂಕ್ತವೆಂಬುದು ನನ್ನ ಅಭಿಪ್ರಾಯ. ಅದರ ರಿಪೇರಿ ಸಣ್ಣ ಊರಿನಲ್ಲೂ ಆಗುತ್ತದೆ, ಬ್ಯಾಟರಿ ಇಳಿದರೆ ತಳ್ಳಿ ಚಾಲೂ ಮಾಡಲೂಬಹುದು. ಮಂಡಿನೋವಿರುವ ಹಿರಿಯರು ತಾವೇ ಓಡಿಸುವುದಾದರೆ ಹೆಚ್ಚಿನ ಬೆಲೆ ಕೊಟ್ಟಾದರೂ ಆಟೋಮ್ಯಾಟಿಕ್ಕನ್ನೇ ಆರಿಸಿಕೊಳ್ಳಿ. ಮುಂಗಡ ಕೊಡುವ ಮೊದಲು ಎರಡನ್ನೂ ಏರುದಾರಿಯಲ್ಲಿ ಓಡಿಸಿ ನೋಡಬೇಕೆಂದು ಕೋರುತ್ತೇನೆ.