ಮಗಳಿಗೊಂದು ಪತ್ರ: ಇನ್ನು ನಾಲ್ಕೇ ಬೀಜ

ಪುಟ್ಟಿ,

ಭಾನುವಾರ ನೀನು ಫೋನ್ ಕುಕ್ಕಿದ ಮೇಲೆ ಎರಡು ಸಲ ಮೆಸೇಜ್ ಬರೆದು ಅಳಿಸಿದೆ. ಅದಕ್ಕೇ ಈ ಪತ್ರ. ಕನ್ನಡ ಓದೋದು ನಿನಗೆ ನಿಧಾನ, ನಿಧಾನವಾಗಿಯೇ ಓದು. ಬೈಯೋದಿದ್ದರೆ ಇಂಗ್ಲಿಷಲ್ಲೇ ಬೈಯಿ, ಪರವಾಗಿಲ್ಲ.

ಭುಜದ ವಿಷಯ ನನಗೆ ಅಮ್ಮನಿಂದ ಗೊತ್ತಾಯಿತು. ಸ್ಕ್ಯಾನ್ ಆಗಿ ಮೂರು ವಾರ ಆಯಿತಂತೆ, ನೀನು ಆಡಲು ಹೊರಟಿರೋ ಪೋರ್ಚುಗಲ್‌ನ ಬಾಸ್ಕೆಟ್‌ಬಾಲ್ ಕ್ಲಬ್‌ನವರಿಗೆ ನೀನಿನ್ನೂ ಹೇಳಿಲ್ಲವಂತೆ. ನಾನು ಕೂಗಾಡಿದ್ದು ತಪ್ಪು. ಆದರೆ ನೀನು "ಎಣಿಸ್ತಾ ಕೂತಿದ್ದವನು ನೀನೇ ಅಲ್ವಾ ಅಪ್ಪಾ" ಅಂದೆಯಲ್ಲ, ಆಮೇಲೆ ನನ್ನ ಬಾಯಿ ಕಟ್ಟಿಹೋಯಿತು.

ಹೌದು, ನಾನೇ. ವಿಚಿಟಾದ ಮನೆಯ ಗ್ಯಾರೇಜ್ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು, ಅಜ್ಜಿ ಚೌಕಾಬಾರ ಆಡಲಿಕ್ಕೆ ಕೊಟ್ಟಿದ್ದ ಹುಣಸೆಬೀಜ ಇಟ್ಟುಕೊಂಡು. ಹತ್ತು ಬಾಸ್ಕೆಟ್ ಬಿದ್ದರೆ ಸ್ಟೀಲ್ ಡಬ್ಬಿಗೆ ಒಂದು ಬೀಜ. ಟಣ್. ಮೂವತ್ತು ಬೀಜ ಆಗದೆ ಒಳಗೆ ಹೋಗುವ ಹಾಗಿಲ್ಲ. ಆ ನವೆಂಬರ್ ಸಂಜೆ ನಿನಗೆ ಹನ್ನೆರಡು. ಇಪ್ಪತ್ತಾರನೇ ಬೀಜ ಬಿದ್ದ ಮೇಲೆ ಚೆಂಡನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಬಲಗೈ ಒದರಿದೆ. "ನೋಯ್ತಿದೆ" ಅಂದೆ. ನಾನು ಡಬ್ಬಿ ಅಲ್ಲಾಡಿಸಿ "ಇನ್ನು ನಾಲ್ಕೇ" ಅಂದೆ. ಆಮೇಲೆ ಬಾಸ್ಕೆಟ್‌ಬಾಲ್ ಆಟಗಾರ್ತಿ ಜಾಕಿ ಸ್ಟೈಲ್ಸ್ ಕಥೆ ತೆಗೆದೆ.

ನಮ್ಮ ಕಾನ್ಸಾಸ್ ಹುಡುಗಿಯೇ, ಕ್ಲಾಫ್ಲಿನ್ ಅನ್ನೋ ಸಾವಿರ ಜನರೂ ಇಲ್ಲದ ಊರಿನವಳು. ದಿನಕ್ಕೆ ಸಾವಿರ ಬಾಸ್ಕೆಟ್. ಎಸೆದದ್ದಲ್ಲ, ಬಿದ್ದದ್ದು ಸಾವಿರ. ಸೌತ್‌ವೆಸ್ಟ್ ಮಿಸೌರಿ ಸ್ಟೇಟ್ ಕಾಲೇಜಿನ ಟೀಮಲ್ಲಿ ನಾಲ್ಕು ವರ್ಷಕ್ಕೆ 3,393 ಪಾಯಿಂಟ್, ಅದರಲ್ಲಿ 1,062 ಕೊನೆಯ ಸೀಸನ್ ಒಂದರಲ್ಲೇ. 2001ರಲ್ಲಿ ಡ್ಯೂಕ್ ಮೇಲೆ 41 ಹೊಡೆದು, ಟೀಮನ್ನು ಕಾಲೇಜು ಟೂರ್ನಿಯ ಸೆಮಿಫೈನಲ್, ಅಂದರೆ ಫೈನಲ್ ಫೋರ್‌ವರೆಗೆ ಕರೆದುಕೊಂಡು ಹೋದಳು. ಪ್ರೊ ಟೀಮುಗಳು ಹೊಸಬರನ್ನು ಆರಿಸುವ ಡ್ರಾಫ್ಟಲ್ಲಿ ನಾಲ್ಕನೆಯವಳಾಗಿ ಪೋರ್ಟ್‌ಲೆಂಡ್ ಫೈರ್ ಟೀಮಿಗೆ, ಮೊದಲ ವರ್ಷವೇ ರೂಕಿ ಆಫ್ ದಿ ಇಯರ್, ಹೊಸಬರಲ್ಲೇ ಮೊದಲಿಗಳು. ಪ್ರತಿ ಸಲ ನಾನು ಕಥೆ ನಿಲ್ಲಿಸುತ್ತಿದ್ದದ್ದು ಅಲ್ಲಿಗೇ.

ಉಳಿದದ್ದೂ ನನಗೆ ಆಗಲೇ ಗೊತ್ತಿತ್ತು. ಹದಿಮೂರು ಆಪರೇಷನ್. ಡಬ್ಲ್ಯುಎನ್‌ಬಿಎ ಅನ್ನೋ ಆ ಹೆಂಗಸರ ಪ್ರೊ ಲೀಗಲ್ಲಿ ಅವಳು ಆಡಿದ್ದು ಎರಡೇ ಸೀಸನ್. ಸಾವಿರ ಶಾಟ್‌ನಿಂದಲೇ ಹೀಗಾಯಿತು ಅನ್ನೋಕೆ ನಾನೇನು ಡಾಕ್ಟರಲ್ಲ. ಆದರೆ ಮಗುವಿಗೆ ಸಾವಿರ ಹೇಳಿ ಹದಿಮೂರನ್ನು ನುಂಗಿಕೊಂಡೆನಲ್ಲ.

ನೀನು ಕೆಲ್ಸಿ ಪ್ಲಮ್ ಹೆಸರು ಎತ್ತುತ್ತೀಯ, ಗೊತ್ತು. 2017ರಲ್ಲಿ ಕಾಲೇಜಲ್ಲಿದ್ದಾಗ ಯೂಟಾ ಮೇಲೆ 57 ಹೊಡೆದು ಸ್ಟೈಲ್ಸ್‌ಳ 3,393 ಪಾಯಿಂಟ್ ದಾಖಲೆ ಮುರಿದದ್ದನ್ನು ನಾವಿಬ್ಬರೂ ಎಷ್ಟು ಸಲ ಹಾಕಿ ನೋಡಿದ್ದೆವೋ. ಅಂಥವಳಿಗೂ ಪ್ರೊ ಆದ ಮೊದಲ ವರ್ಷ ಪಂದ್ಯಕ್ಕೆ 8.5 ಪಾಯಿಂಟ್ ಅಷ್ಟೇ. 2020ರಲ್ಲಿ ಹಿಮ್ಮಡಿಯ ಮೇಲಿನ ಅಕಿಲೀಸ್ ಸ್ನಾಯುರಜ್ಜು ಹರಿದಾಗ ಇಡೀ ಸೀಸನ್ ಮನೆಯಲ್ಲಿ ಕೂತಳು. ಮುಂದಿನ ವರ್ಷ ಬೆಂಚಿಂದ ಎದ್ದು ಬಂದು ಆಡಿದಳು, ಆಮೇಲೆ ಲಾಸ್ ವೇಗಸ್ ಜೊತೆ 2022, 2023, ಎರಡು ಕಪ್. ನೀನು ಕಪ್ ನೋಡುತ್ತೀಯ, ನಾನು ಅವಳು ಕೂತ ಸೀಸನ್ ನೋಡುತ್ತೇನೆ.

ಅದಕ್ಕೇ ಹೇಳೋದು, ರಿಪೋರ್ಟ್ ಕ್ಲಬ್‌ಗೆ ಕಳಿಸು. ಪೆಟ್ಟಾದರೆ ಖರ್ಚು ಯಾರದು, ಸಂಬಳ ನಿಲ್ಲುತ್ತಾ, ಕಾಂಟ್ರ್ಯಾಕ್ಟ್ ಸರಿಯಾಗಿ ಓದು. ಅಲ್ಲಿನ ಮೆಡಿಕಲ್‌ನಲ್ಲಿ ಸಿಕ್ಕಿಬಿದ್ದರೆ ಮುಚ್ಚಿಟ್ಟವಳು ಅನ್ನೋ ಹೆಸರು ಬೇರೆ. ಸುಮ್ನೆ ನೋವಿನ ಮಾತ್ರೆ ನುಂಗ್ತಾ ಆಡಬೇಡ. ಬಲಮಗ್ಗುಲಲ್ಲಿ ಮಲಗಬೇಡ. ಲೆಕ್ಚರ್ ಶುರುವಾಯ್ತು ಅಂತ ಅಮ್ಮ ಹಿಂದೆ ನಿಂತು ನಗುತ್ತಿದ್ದಾಳೆ.

ಕಾಂಟ್ರ್ಯಾಕ್ಟ್ ಬಂದ ದಿನ ಹಾಸನಕ್ಕೆ ಫೋನ್ ಮಾಡಿದ್ದೆ, ನಿನಗೆ ಹೇಳಿಲ್ಲ. "ಬಾಲ್ ಆಡಿದ್ದಕ್ಕೆ ಸಂಬಳ ಕೊಡ್ತಾರಾ?" ಅಂತ ಚಿಕ್ಕಪ್ಪ ಮೂರು ಸಲ ಕೇಳಿದ. ಮೂರು ಸಲವೂ ಖುಷಿಯಿಂದ ಹೌದು ಅಂದೆ.

ಆ ಸಂಜೆ ನೀನು ಮೂವತ್ತೂ ಮುಗಿಸಿದೆ. ಒಳಗೆ ಬಂದು ಎಡಗೈಯಲ್ಲಿ ಚಮಚ ಹಿಡಿದು ಮೊಸರನ್ನ ತಿಂದೆ. ನಾನು ಎದುರಿಗೇ ಕೂತಿದ್ದೆ ಪುಟ್ಟಿ. ನೋಡಿದೆ. ನೋಡಿ, ಗಟ್ಟಿಗಿತ್ತಿ ಅಂದುಕೊಂಡೆ.

ಶನಿವಾರ ಏರ್‌ಪೋರ್ಟಿಗೆ ನಾನೇ ಬಿಡುತ್ತೇನೆ. ಸೂಟ್‌ಕೇಸ್ ನೀನು ಎತ್ತಬೇಡ. ಎಡಗೈಯಲ್ಲಿ ಎತ್ತುತ್ತೇನೆ ಅಂತ ವಾದಕ್ಕೂ ಬರಬೇಡ.

ಅಪ್ಪ