ಕೊಡಗಿನ ಇಬ್ಬರು ಶಾಸಕರಿಗೆ: ನಮ್ಮ ಕೊನೆಯ ಮಾತು ಯಾರ ಕೈಗೆ ಕೊಡೋದು?

ಮಾನ್ಯ ಡಾ. ಮಂತರ್ ಗೌಡ ಮತ್ತು ಎ.ಎಸ್. ಪೊನ್ನಣ್ಣ ಅವರಿಗೆ ನಮಸ್ಕಾರ.

ನಿಮ್ಮಲ್ಲಿ ಒಬ್ಬರು ಡಾಕ್ಟರು, ಇನ್ನೊಬ್ಬರು ವಕೀಲರು. ನನ್ನ ವಿಷಯಕ್ಕೆ ಇಬ್ಬರೂ ಬೇಕು. ಅದಕ್ಕೇ ಒಂದೇ ಪತ್ರ.

ನಾನು ಸೋಮವಾರಪೇಟೆ ಕಡೆಯವನು, ಡಯಾಲಿಸಿಸ್ ಮೇಲೆ ಇದ್ದೇನೆ. ಮೊನ್ನೆ ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿದೆ: 'ಪ್ರಜ್ಞೆ ಹೋಗಿ, ಇನ್ನು ಚೇತರಿಸಿಕೊಳ್ಳಲ್ಲ ಅಂತ ಡಾಕ್ಟರೇ ಹೇಳಿದರೆ ನನಗೆ ವೆಂಟಿಲೇಟರ್ ಹಾಕಿಸಬೇಡಿ. ನೋವಿಗೆ ಔಷಧಿ ಕೊಡಿಸಿ, ಸಾಕು.' ಹೆಂಡತಿ 'ಬಿಡ್ತು ಅನ್ನಿ' ಅಂತ ತಟ್ಟೆ ಎತ್ತಿಕೊಂಡು ಎದ್ದಳು. ಮಗ ಕಾಳುಮೆಣಸಿನ ರೇಟಿನ ಮಾತು ತೆಗೆದ. ಬೆಂಗಳೂರಲ್ಲಿರುವ ಮಗಳು ಮಾತ್ರ ಫೋನಲ್ಲಿ, 'ಸರಿ ಅಪ್ಪ, ಬರೆದಿಡಿ' ಅಂದಳು.

ಬರೆದಿಡೋಕೆ ದಾರಿ ಇದೆ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡೋ ಇಂಥ ಪತ್ರಕ್ಕೆ ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿಗೆ ಕೊಟ್ಟಿದೆ. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರಲ್ಲಿ ಅದನ್ನು ತೆಗೆದು, ಇಬ್ಬರು ಸಾಕ್ಷಿ ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು ಅಂದಿತು. 2025ರ ಜನವರಿಯಲ್ಲಿ ನಮ್ಮ ಆರೋಗ್ಯ ಇಲಾಖೆ ಸುತ್ತೋಲೆಯನ್ನೂ ಹೊರಡಿಸಿತು. ಇದು ಇಂಜೆಕ್ಷನ್ ಕೊಟ್ಟು ಸಾಯಿಸೋದಲ್ಲ. ಚಿಕಿತ್ಸೆ ನಿಲ್ಲಿಸೋಕೆ ಡಾಕ್ಟರುಗಳ ಎರಡು ಮಂಡಳಿ ಒಪ್ಪಬೇಕು. ಬುದ್ಧಿ ನೆಟ್ಟಗಿರುವವರೆಗೆ ಪತ್ರವನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು.

ಅದರ ಒಂದು ಪ್ರತಿ ಸ್ಥಳೀಯ ಸಂಸ್ಥೆಯ ಅಧಿಕಾರಿ ಹತ್ತಿರ ಇರಬೇಕು. ಒಂದು ಕಚೇರಿಯಲ್ಲಿ ವಿಚಾರಿಸಿದೆ. ಆಸ್ತಿ ವಿಲ್ ಅಂದುಕೊಂಡು ಸಬ್ ರಿಜಿಸ್ಟ್ರಾರ್ ಹತ್ತಿರ ಹೋಗಿ ಅಂದರು. ಪಾಪ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಅಲ್ವಾ?

ನಮ್ಮಲ್ಲಿ ಸೀರಿಯಸ್ ಆದರೆ ಮೈಸೂರು, ಇಲ್ಲ ಮಂಗಳೂರು. ಜೋರು ಮಳೆಗೆ ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ, ಮಕ್ಕಳು ಫೋನಿಗೆ ಸಿಗಲ್ಲ. ಆಂಬುಲೆನ್ಸ್ ಹತ್ತಿದವನೇ ಐಸಿಯು ಬಾಗಿಲಲ್ಲಿ ಸಹಿ ಹಾಕಬೇಕು. ಅವನು ಅಳಿಯನೋ, ತೋಟದ ಲೆಕ್ಕ ಬರೆಯೋ ರೈಟರೋ ಆಗಿರಬಹುದು. ನನ್ನ ಮನಸ್ಸಲ್ಲಿ ಏನಿತ್ತು ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ವೆಂಟಿಲೇಟರ್ ಬೇಡ ಅಂದರೆ 'ದುಡ್ಡಿಗೆ ಹೆದರಿ ಸಾಯಿಸಿದ' ಅಂತ ನೆಂಟರು ಆಡಿಕೊಳ್ಳುತ್ತಾರೆ. ಬೇಕು ಅಂದರೆ ತೋಟ ಅಡಮಾನಕ್ಕೆ ಹೋಗುತ್ತದೆ.

ಪೊನ್ನಣ್ಣನವರೇ, ಪ್ರತಿ ಪಂಚಾಯಿತಿಯಲ್ಲೂ ಈ ಪತ್ರ ತೆಗೆದುಕೊಳ್ಳೋರು ಯಾರು ಅಂತ ಹೆಸರು ಬರೆದು ಹಾಕಿಸಿ. ನಮ್ಮಂಥವರಿಗೆ ಅರ್ಥ ಆಗೋ ಕನ್ನಡದಲ್ಲಿ ಫಾರಂ ಕೊಡಿಸಿ. ಮಂತರ್ ಗೌಡರೇ, ಡಯಾಲಿಸಿಸ್, ಕ್ಯಾನ್ಸರ್ ರೋಗಿಗಳ ಮನೆಯವರನ್ನು ಸರ್ಕಾರಿ ಆಸ್ಪತ್ರೆ ಡಾಕ್ಟರುಗಳು ಕೂರಿಸಿಕೊಂಡು ಮಾತಾಡೋ ಹಾಗೆ ಮಾಡಿ. ನಾನು ಬಾಯಿ ತೆಗೆದರೆ ಅಪಶಕುನ ಅನ್ನೋ ನನ್ನ ಹೆಂಡತಿ, ಡಾಕ್ಟರ್ ಹೇಳಿದರೆ ಕೇಳುತ್ತಾಳೆ.

ಮಳೆ ಹಿಡಿಯೋ ಮೊದಲೇ ಆದರೆ ಒಳ್ಳೆಯದು.

ಇಂತಿ,
ಸೋಮವಾರಪೇಟೆ ತಾಲೂಕಿನ ಒಬ್ಬ ಮತದಾರ